ಅಸಲು ಮತ್ತು ಬಡ್ಡಿ

ಮುಖ್ಯೋಪಾಧ್ಯಾಯಿನಿಗೆ ಮೀಸಲಾದ ಪುಟಗಳಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ಲೆಕ್ಕವನ್ನೂ ನಿರೀಕ್ಷಿಸುವುದು ವಾಡಿಕೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಯಥಾಸ್ಥಾನದಲ್ಲಿ ಇವೆ. ಇಲ್ಲಿ ನಾವು ಒಬ್ಬ ಗಾಯಕಿಯ ವಿಷಯವನ್ನು ಹೇಳಿ, ಆ ಮುಖಾಂತರ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಇರುವ ಒಂದು ಅಭಿಪ್ರಾಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇವೆ.

ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಎರಡು ವಿಧದ ತಂದೆತಾಯಿಗಳು ನಮ್ಮ ಕೋಣೆಗೆ ಬರುವುದುಂಟು. ಮೊದಲನೆಯವರು, "ಅಮ್ಮಾ, ಹುಡುಗಿ ಹತ್ತನೆಯ ತರಗತಿಗೆ ಬಂದಳು, ಅವಳನ್ನು ಸಂಗೀತದ ಪಾಠದಿಂದ ಬಿಡಿಸಿ, ಆ ಹೊತ್ತನ್ನು ಗಣಿತಕ್ಕೆ ಕೊಡಿಸಿರಿ, ಹಾಡಿನಿಂದ ಹೊಟ್ಟೆ ತುಂಬುವುದುಂಟೇ?" ಎಂದು ಕೇಳುತ್ತಾರೆ. ಎರಡನೆಯವರು, "ನಮ್ಮ ಹುಡುಗಿಯ ಕಂಠ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ; ಅವಳನ್ನು ಎಲ್ಲಾ ಸ್ಪರ್ಧೆಗಳಿಗೂ ಕಳುಹಿಸಿರಿ, ಯಾವ ಸಮಾರಂಭವನ್ನೂ ತಪ್ಪಿಸಬೇಡಿರಿ" ಎಂದು ಕೇಳುತ್ತಾರೆ. ಇವರಿಬ್ಬರೂ ಒಬ್ಬರಿಗೊಬ್ಬರು ವಿರುದ್ಧವಾದ ಮಾತನ್ನು ಆಡುವಂತೆ ತೋರುವುದಾದರೂ, ಸ್ವಲ್ಪ ಯೋಚಿಸಿದರೆ ಇಬ್ಬರ ತಪ್ಪೂ ಒಂದೇ ಬೇರಿನಿಂದ ಹುಟ್ಟಿದ್ದೆಂದು ತಿಳಿಯುವುದು. ಮಗುವಿನ ವರವನ್ನು ಒಬ್ಬರು ನೆಲದಲ್ಲಿ ಹೂಣಿಡುತ್ತಾರೆ. ಇನ್ನೊಬ್ಬರು ಒಂದೇ ಸಂತೆಯಲ್ಲಿ ಖರ್ಚು ಮಾಡಿಬಿಡುತ್ತಾರೆ. ಆ ವರವು ತಮ್ಮದಲ್ಲ, ಮಗುವಿನದು. ತಾವು ಅದರ ಒಡೆಯರಲ್ಲ, ಕಾವಲುಗಾರರು ಮಾತ್ರ ಎಂಬುದು ಇಬ್ಬರಿಗೂ ಮರೆತುಹೋಗಿದೆ.

ತಲಾಂತುಗಳ ಸಾಮ್ಯವನ್ನು ಭಾನುವಾರದ ಶಾಲೆಯಲ್ಲಿ ಕೇಳದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರೂ ಇರಲಾರರು. ಹೂಣಿಟ್ಟವನ ಕಥೆ ನಮಗೆಲ್ಲರಿಗೂ ಗೊತ್ತು. ಆದರೆ ಅಸಲನ್ನೇ ತಿಂದುಹಾಕಿದವನ ಮಾತು ಅದರಲ್ಲಿ ಬರುವುದಿಲ್ಲವಾದ್ದರಿಂದ, ಆ ಎರಡನೆಯ ಅಪಾಯವನ್ನು ಕುರಿತು ನಾವು ಸಾಕಷ್ಟು ಯೋಚಿಸುವುದಿಲ್ಲವೋ ಏನೋ. ಅಮೆರಿಕಾ ದೇಶದ ಲಿಯೊಂಟಿನ್ ಪ್ರೈಸ್ ಎಂಬ ಮಹಿಳೆಯ ಜೀವನವು ಈ ಎರಡು ಅಪಾಯಗಳ ನಡುವಣ ಸರಿಯಾದ ದಾರಿಯನ್ನು ತೋರಿಸತಕ್ಕದ್ದಾಗಿದೆ.

ಈಕೆ ಪ್ರಸಿದ್ಧಿ ಪಡೆದದ್ದು ಆಪೆರಾ ಎಂಬ ಕಲೆಯಲ್ಲಿ. ಆಪೆರಾ ಎಂದರೆ ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವ ಐರೋಪ್ಯ ನಾಟಕ. ನಮ್ಮ ಯಕ್ಷಗಾನದಲ್ಲಿ ಭಾಗವತರು ಹಾಡಿ ವೇಷಧಾರಿಗಳು ಕುಣಿಯುವಂತೆ ಅಲ್ಲಿ ಕೆಲಸವನ್ನು ಹಂಚಿಕೊಳ್ಳುವಂತಿಲ್ಲ; ವೇಷ ಹಾಕಿದವಳೇ ಹಾಡಬೇಕು, ಹಾಡುತ್ತಲೇ ಅಭಿನಯಿಸಬೇಕು. ಸ್ತ್ರೀಯರ ಕಂಠಗಳಲ್ಲಿ ಎಲ್ಲಕ್ಕಿಂತ ಮೇಲಣ ಶ್ರುತಿಯಲ್ಲಿ ಸಂಚರಿಸುವ ಕಂಠಕ್ಕೆ ಸೊಪ್ರಾನೊ ಎಂದು ಹೆಸರು. ದೊಡ್ಡ ವಾದ್ಯವೃಂದವು ಭೋರ್ಗರೆಯುತ್ತಿರುವಾಗ, ಧ್ವನಿವರ್ಧಕದ ಸಹಾಯವಿಲ್ಲದೆ, ಮೂರು ಸಾವಿರಕ್ಕೂ ಮಿಕ್ಕ ಶ್ರೋತೃಗಳ ಕೊನೆಯ ಸಾಲಿನವರೆಗೂ ಆ ಕಂಠವು ಮುಟ್ಟಬೇಕು. ಒಂದು ಅಂಗುಲಕ್ಕಿಂತಲೂ ಚಿಕ್ಕದಾದ ಎರಡು ಸ್ವರತಂತುಗಳಿಂದ ಇಷ್ಟು ಕೆಲಸವಾಗಬೇಕೆಂದರೆ, ಅದು ಬಲಾತ್ಕಾರದಿಂದ ಆಗತಕ್ಕದ್ದಲ್ಲ. ಶ್ವಾಸದ ಹಿಡಿತದಿಂದಲೂ, ವರ್ಷಗಟ್ಟಲೆಯ ತಾಳ್ಮೆಯಿಂದಲೂ ಆಗತಕ್ಕದ್ದು.

ಲಿಯೊಂಟಿನ್ ಹುಟ್ಟಿದ್ದು ೧೯೨೭ನೆಯ ಇಸವಿ ಫೆಬ್ರವರಿ ೧೦ರಂದು, ಮಿಸಿಸಿಪ್ಪಿ ಸಂಸ್ಥಾನದ ಲಾರೆಲ್ ಎಂಬ ಊರಿನಲ್ಲಿ. ತಂದೆ ಜೇಮ್ಸ್ ಪ್ರೈಸ್ ಮರದ ಗಿರಣಿಯಲ್ಲಿ ಕೆಲಸಮಾಡುತ್ತಿದ್ದರು. ತಾಯಿ ಕ್ಯಾಥರೀನ್ ಸೂಲಗಿತ್ತಿಯಾಗಿದ್ದು, ಸಭೆಯ ಗಾಯನವೃಂದದಲ್ಲಿ ಹಾಡುತ್ತಿದ್ದರು. ಇವರು ಕಪ್ಪುವರ್ಣದವರು. ಆ ಕಾಲದಲ್ಲಿ ಆ ಸಂಸ್ಥಾನದಲ್ಲಿ ಕಪ್ಪುಜನರ ಮಕ್ಕಳಿಗೆ ಬಿಳಿಯರ ಮಕ್ಕಳೊಡನೆ ಒಂದೇ ಶಾಲೆಯಲ್ಲಿ ಕುಳಿತುಕೊಳ್ಳಲು ಕಾನೂನೇ ಅಡ್ಡಿಯಾಗಿತ್ತು. ದುಡಿದು ತಿನ್ನುವ ಮನೆ, ಮುಚ್ಚಿದ ಬಾಗಿಲುಗಳ ಊರು. ಇಂಥಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಸಂಗೀತವೇಕೆ ಎಂದು ಕೇಳುವವರು ಅಲ್ಲಿಯೂ ಇದ್ದಿರಬಹುದು.

ಆದರೆ ಆ ತಂದೆತಾಯಿಗಳು ಮಾಡಿದ ಕಾರ್ಯವನ್ನು ಗಮನಿಸಿರಿ. ಮಗುವಿಗೆ ಸಂಗೀತದಲ್ಲಿ ಅಭಿರುಚಿಯುಂಟೆಂದು ಕಂಡು ಎಳೆಯ ವಯಸ್ಸಿನಲ್ಲಿಯೇ ಪಿಯಾನೊ ಪಾಠಕ್ಕೆ ಸೇರಿಸಿದರು. ಅನಂತರ, ಮನೆಯಲ್ಲಿದ್ದ ಗ್ರಾಮಫೋನನ್ನು ಕೊಟ್ಟು, ಅದನ್ನೇ ಮೊದಲ ಕಂತಾಗಿ ಮಾಡಿ, ಒಂದು ಪಿಯಾನೊವನ್ನು ಮನೆಗೆ ತಂದರು. ಈ ಒಂದು ಸಂಗತಿಯ ಮೇಲೆ ನಾವು ಎಷ್ಟೋ ಸಲ ಯೋಚನೆಮಾಡಿದ್ದೇವೆ. ಗ್ರಾಮಫೋನು ಇಡೀ ಮನೆಯವರ ಸಂತೋಷಕ್ಕಾಗಿ ಇದ್ದ ವಸ್ತು. ಪಿಯಾನೊವಾದರೋ ಮಗುವಿನ ದುಡಿಮೆಗಾಗಿ ಬಂದ ವಸ್ತು. ಪರರ ಹಾಡನ್ನು ಕೇಳುವ ಸುಖವನ್ನು ತೊರೆದು, ಮಗಳು ತಪ್ಪುತಪ್ಪಾಗಿ ಬಾರಿಸುವ ಸ್ವರಗಳನ್ನು ಪ್ರತಿದಿನವೂ ಸಹಿಸಿಕೊಳ್ಳುವ ಕಷ್ಟವನ್ನು ಆ ಮನೆಯವರು ಹಣ ಕೊಟ್ಟು ಕೊಂಡುಕೊಂಡರು. ಮಗಳ ವರವನ್ನು ಮೆಚ್ಚಿ ಹೊಗಳುವ ತಂದೆತಾಯಿಗಳನ್ನು ನಾವು ಅನೇಕರನ್ನು ಕಂಡಿದ್ದೇವೆ. ಅದಕ್ಕಾಗಿ ತಮ್ಮದೊಂದು ಸುಖವನ್ನು ಕೊಟ್ಟವರನ್ನು ಕಂಡದ್ದು ಅಪರೂಪ.

ಶಾಲೆಯಲ್ಲಿಯೂ ಸಭೆಯಲ್ಲಿಯೂ ಹುಡುಗಿ ಪಿಯಾನೊ ಬಾರಿಸಿದಳು, ವೃಂದದಲ್ಲಿ ಹಾಡಿದಳು. ಶಾಲಾಬಾಲಿಕೆಯಾಗಿದ್ದಾಗಲೇ ಅವಳು ಜ್ಯಾಕ್ಸನ್ ನಗರದಲ್ಲಿ ಮೇರಿಯನ್ ಆಂಡರ್ಸನ್ ಎಂಬ ಮಹಾಗಾಯಕಿಯ ಕಚೇರಿಯನ್ನು ಕೇಳಿದಳು. ಆಂಡರ್ಸನ್‌ರವರೂ ಕಪ್ಪುವರ್ಣದವರೇ. ವಾಷಿಂಗ್ಟನ್ ನಗರದ ಒಂದು ದೊಡ್ಡ ಸಭಾಭವನವು ಬಣ್ಣದ ಕಾರಣದಿಂದ ಅವರಿಗೆ ಬಾಗಿಲು ಮುಚ್ಚಿದಾಗ, ೧೯೩೯ರ ಈಸ್ಟರ್ ಭಾನುವಾರ ಅವರು ಲಿಂಕನ್ನರ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು ೭೫,೦೦೦ ಜನರ ಮುಂದೆ ಹಾಡಿದರು. ೧೯೫೭ರಲ್ಲಿ ನಮ್ಮ ಭಾರತಕ್ಕೂ ಬಂದು ಹಾಡಿದರು. ಮುಂದೆ ಬೆಳೆಯಬೇಕಾದ ಹುಡುಗಿಗೆ ತನ್ನ ಹಾಗೆಯೇ ಇರುವ ಒಬ್ಬ ಹಿರಿಯಳು ವೇದಿಕೆಯ ಮೇಲೆ ಗಂಭೀರವಾಗಿ ನಿಂತಿರುವುದನ್ನು ಕಣ್ಣಾರೆ ನೋಡುವುದು ಎಷ್ಟು ದೊಡ್ಡ ಪಾಠವೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು. ನೂರು ಉಪದೇಶಗಳಿಂದ ಆಗದ ಕೆಲಸವು ಅಂಥ ಒಂದು ಸಂಜೆಯಿಂದ ಆಗುವುದು.

ಇಷ್ಟಾದರೂ ಲಿಯೊಂಟಿನ್ ಗಾಯಕಿಯಾಗುವೆನೆಂದು ಹೊರಟವಳಲ್ಲ. ಓಹಾಯೊ ಸಂಸ್ಥಾನದ ವಿಲ್ಬರ್‌ಫೋರ್ಸ್ ಎಂಬಲ್ಲಿನ ಕಾಲೇಜಿಗೆ ಅವಳು ಸೇರಿದ್ದು ಸಂಗೀತದ ಉಪಾಧ್ಯಾಯಿನಿಯಾಗಬೇಕೆಂದು. "ಹಾಡಿನಿಂದ ಹೊಟ್ಟೆ ತುಂಬುವುದೇ?" ಎಂದು ಕೇಳುವ ತಂದೆತಾಯಿಗಳಿಗೆ ಇಲ್ಲಿ ಒಂದು ಉತ್ತರವಿದೆ. ಅವಳು ಜೀವನೋಪಾಯವನ್ನು ಬಿಟ್ಟು ಹಾಡಿನ ಹಿಂದೆ ಓಡಲಿಲ್ಲ. ಜೀವನೋಪಾಯವನ್ನು ಅಭ್ಯಾಸಮಾಡುತ್ತಲೇ ಹಾಡನ್ನೂ ಉಳಿಸಿಕೊಂಡಳು. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬಹುದಾಗಿರುವಾಗ ಒಂದನ್ನು ಬಿಟ್ಟೇ ತೀರಬೇಕೆಂದು ನಾವು ಯಾಕೆ ಹಟಹಿಡಿಯಬೇಕು? ಕಾಲೇಜಿನಲ್ಲಿ ಅವಳ ಕಂಠವನ್ನು ಕೇಳಿದ ಹಿರಿಯರು ಹಾಡುವಿಕೆಯ ಕಡೆಗೆ ಅವಳನ್ನು ತಿರುಗಿಸಿದರು. ೧೯೪೮ರಲ್ಲಿ ಅಲ್ಲಿನ ವಿದ್ಯಾಭ್ಯಾಸವನ್ನು ಮುಗಿಸಿ, ನ್ಯೂಯಾರ್ಕ್ ನಗರದ ಜೂಲಿಯಾರ್ಡ್ ಸಂಗೀತಶಾಲೆಗೆ ವಿದ್ಯಾರ್ಥಿವೇತನದೊಂದಿಗೆ ಸೇರಿದಳು.

ವಿದ್ಯಾರ್ಥಿವೇತನದಿಂದ ಎಲ್ಲವೂ ನಡೆಯಲಾರದಷ್ಟೆ. ಊಟ ವಸತಿಗಳಿಗೆ ಹಣ ಬೇಕಾಗಿತ್ತು. ಪ್ರಸಿದ್ಧ ಗಾಯಕರಾದ ಪಾಲ್ ರೋಬ್ಸನ್‌ರವರು ಆ ಹುಡುಗಿಯ ಸಹಾಯಾರ್ಥವಾಗಿ ಒಂದು ಕಚೇರಿಯನ್ನು ನಡೆಸಿಕೊಟ್ಟರು. ಲಾರೆಲ್ ಊರಿನ ಎಲಿಜಬೆತ್ ಚಿಸಂ ಎಂಬ ಶ್ರೀಮಂತ ಬಿಳಿಯ ಮಹಿಳೆ ಉಳಿದ ಖರ್ಚಿಗೆ ಬಹುವಾಗಿ ನೆರವಾದರು. ಲಿಯೊಂಟಿನ್‌ಳ ಅತ್ತೆಯೊಬ್ಬರು ಆ ಮನೆಯಲ್ಲಿಯೇ ಕೆಲಸಕ್ಕಿದ್ದರು. ಕೆಲಸದವಳ ಮನೆಯ ಹುಡುಗಿಯ ಕಂಠವನ್ನು ಕೇಳಿ ಒಡತಿಯಾದವಳು ಸಂತೋಷಪಟ್ಟು ಸುಮ್ಮನಾಗಬಹುದಿತ್ತು; ಹಾಗೆ ಮಾಡದೆ ಕೈಚೀಲವನ್ನು ಬಿಚ್ಚಿದಳು. ನಮ್ಮ ಪಾಠಶಾಲೆಯಲ್ಲಿಯೂ ಅಡಿಗೆಯವರ, ಕಸಗುಡಿಸುವವರ, ಕೂಲಿಯವರ ಮಕ್ಕಳು ಕಲಿಯುತ್ತಿದ್ದಾರೆ. ವರವು ಯಾವ ಮನೆಯ ಬಾಗಿಲಲ್ಲಿ ಇಳಿಯುವುದೆಂದು ನಾವು ನಿಶ್ಚಯಿಸಲಾರೆವು; ಇಳಿದ ಮೇಲೆ ಅದು ಬದುಕುವುದೋ ಸಾಯುವುದೋ ಎಂಬುದನ್ನು ಮಾತ್ರ ನೆರೆಯವರಾದ ನಾವು ಬಹುಮಟ್ಟಿಗೆ ನಿಶ್ಚಯಿಸುತ್ತೇವೆ.

ಜೂಲಿಯಾರ್ಡಿನಲ್ಲಿ ಪ್ರೈಸ್‌ರವರಿಗೆ ಫ್ಲಾರೆನ್ಸ್ ಪೇಜ್ ಕಿಂಬಾಲ್ ಎಂಬ ಗುರುವು ದೊರೆತರು. ಇವರು ಶಿಷ್ಯೆಗೆ ಕಲಿಸಿದ ಮುಖ್ಯ ಪಾಠವನ್ನೇ ನಾವು ಈ ಲೇಖನಕ್ಕೆ ಹೆಸರನ್ನಾಗಿ ಇಟ್ಟಿರುತ್ತೇವೆ. ಗಾಯಕಿಯು ಬಡ್ಡಿಯ ಹಣದಿಂದ ಹಾಡಬೇಕೇ ಹೊರತು ಅಸಲಿಗೆ ಕೈಯಿಕ್ಕಬಾರದು ಎಂಬುದು ಅವರ ಬೋಧೆಯಾಗಿತ್ತೆಂದು ಪ್ರೈಸ್‌ರವರು ಮುಂದೆ ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು. ಎಂದರೆ, ಎಷ್ಟೇ ಉತ್ಸಾಹದ ಸಮಯದಲ್ಲಿಯೂ ಕಂಠದಲ್ಲಿರುವ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿದುಬಿಡದೆ, ನಾಳೆಗೂ ನಾಡಿದ್ದಿಗೂ ಇಪ್ಪತ್ತು ವರ್ಷಗಳ ಮೇಲಕ್ಕೂ ಬೇಕಾದದ್ದನ್ನು ಒಳಗೆ ಇಟ್ಟುಕೊಂಡೇ ಹಾಡಬೇಕು. ಶಿಷ್ಯೆಯು ಜಗತ್ಪ್ರಸಿದ್ಧಳಾದ ಮೇಲೆಯೂ ಈ ಗುರುವಿನ ಸಲಹೆಯನ್ನು ಕೇಳುವುದನ್ನು ಬಿಡಲಿಲ್ಲ.

ಈ ಬೋಧೆಯು ನಮ್ಮ ಮನಸ್ಸನ್ನು ಚುಚ್ಚುವುದಕ್ಕೆ ಕಾರಣವುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ, ನಾವು ತರಬೇತಿಯನ್ನು ಮುಗಿಸಿ ಹೊಸದಾಗಿ ಉಪಾಧ್ಯಾಯಿನಿಯಾಗಿ ಬಂದು ಹಾಡಿನ ತರಗತಿಯನ್ನು ವಹಿಸಿಕೊಂಡಿದ್ದಾಗ, ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಕಂಠವು ಸ್ವಚ್ಛವಾದ ಗಂಟೆಯಂತಿತ್ತು. ಯಾರಾದರೂ ಅತಿಥಿಗಳು ಬಂದರೆ ಅವಳನ್ನು ಕರೆಯಿಸಿ ಹಾಡಿಸಿದೆವು. ಬಹುಮಾನದ ದಿನ, ಕ್ರಿಸ್ಮಸ್ ಕೂಟ, ಇನ್‌ಸ್ಪೆಕ್ಟರರ ಭೇಟಿ, ನೆರೆಯೂರಿನ ಸಭೆಯ ಹಬ್ಬ, ಎಲ್ಲಕ್ಕೂ ಅವಳೇ. ಹಿಂದಿನ ಸಾಲಿಗೂ ಕೇಳಿಸಲೆಂದು ಇನ್ನೂ ಮೇಲಿನ ಶ್ರುತಿಯನ್ನು ಹಿಡಿಸಿದೆವು. ಒಂದು ಡಿಸೆಂಬರಿನಲ್ಲಿ ಅವಳಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಬಿಸಿನೀರು ಕುಡಿಸಿ, ಆ ಸಂಜೆಯೂ ಹಾಡಿಸಿದೆವು. ಸಭಿಕರು ಬಹಳ ಹೊಗಳಿದರು. ಆ ಹೊಗಳಿಕೆಯನ್ನು ಕೇಳಿ ಹಿಗ್ಗಿದವರು ನಾವು. ಅದರ ಬೆಲೆಯನ್ನು ಕೊಟ್ಟವಳು ಅವಳು. ಮುಂದಿನ ಜೂನ್ ತಿಂಗಳಲ್ಲಿ ಅವಳ ಧ್ವನಿ ಒಡೆದ ಮಡಕೆಯಂತಾಗಿತ್ತು. ಸ್ವರತಂತುಗಳ ಮೇಲೆ ಗಂಟುಗಳಾಗಿವೆಯೆಂದು ವೈದ್ಯರು ತಿಳಿಸಿದರು. ಮಾತಿನ ಧ್ವನಿ ತಿರುಗಿ ಬಂದಿತು. ಹಾಡಿನ ಧ್ವನಿ ಬರಲಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗರ ಕಂಠ ಮಾತ್ರವಲ್ಲ, ಹೆಣ್ಣುಮಕ್ಕಳ ಕಂಠವೂ ಬದಲಾಗುತ್ತಿರುತ್ತದೆಂದೂ, ಆ ಕಾಲದಲ್ಲಿ ಅದನ್ನು ಎಚ್ಚರದಿಂದ ನಡೆಸಿಕೊಳ್ಳಬೇಕೆಂದೂ ನಾವು ಆಗ ಅರಿತಿರಲಿಲ್ಲ. ಅರಿಯದೆ ಮಾಡಿದೆವೆಂಬುದು ನಿಜ. ಕೇಳಿ ತಿಳಿದುಕೊಳ್ಳಬಹುದಾಗಿತ್ತೆಂಬುದೂ ಅಷ್ಟೇ ನಿಜ.

ಇನ್ನು ಪ್ರೈಸ್‌ರವರು ತಮ್ಮ ಅಸಲನ್ನು ಹೇಗೆ ಕಾಯ್ದುಕೊಂಡರೆಂಬುದನ್ನು ನೋಡೋಣ. ೧೯೫೨ರಲ್ಲಿ ಗರ್ಶ್ವಿನ್‌ರ 'ಪೋರ್ಗಿ ಅಂಡ್ ಬೆಸ್' ಎಂಬ ಆಪೆರಾದಲ್ಲಿ ಬೆಸ್ ಪಾತ್ರವನ್ನು ವಹಿಸಿ, ತಂಡದೊಡನೆ ವಿಯೆನ್ನ, ಬರ್ಲಿನ್, ಲಂಡನ್, ಪ್ಯಾರಿಸ್ ನಗರಗಳನ್ನು ಸಂಚರಿಸಿದರು. ೧೯೫೩ರಲ್ಲಿ ಸ್ಯಾಮ್ಯುಯಲ್ ಬಾರ್ಬರ್ ಎಂಬ ಸಂಗೀತಕರ್ತರ ಹೊಸ ಗೀತಮಾಲೆಯೊಂದನ್ನು, ಅವರೇ ಪಿಯಾನೊ ನುಡಿಸುತ್ತಿರಲು, ಮೊದಲಬಾರಿಗೆ ಹಾಡಿದರು. ೧೯೫೫ರಲ್ಲಿ ಅಮೆರಿಕಾದ ಟೆಲಿವಿಷನ್‌ನಲ್ಲಿ ಪುಚ್ಚೀನಿಯವರ 'ಟೋಸ್ಕಾ'ದ ನಾಯಿಕೆಯಾದರು. ೧೯೫೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ೧೯೫೮ರಲ್ಲಿ ವಿಯೆನ್ನ ಮತ್ತು ಲಂಡನ್, ೧೯೬೦ರಲ್ಲಿ ಇಟಲಿಯ ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರ. ಹೀಗೆ ಒಂದೊಂದೇ ಮೆಟ್ಟಿಲನ್ನು ಏರಿದರು. ವೆರ್ದಿಯವರ 'ಐಡಾ' ಎಂಬ ಆಪೆರಾ ಅವರಿಗೆ ವಿಶೇಷ ಕೀರ್ತಿಯನ್ನು ತಂದಿತು. ಐಡಾ ಈಜಿಪ್ಟಿನಲ್ಲಿ ಸೆರೆಯಾಗಿ ದಾಸಿಯಾಗಿರುವ ಇಥಿಯೋಪಿಯಾದ ರಾಜಕುಮಾರಿ.

ಆ ದೇಶದ ಗಾಯಕಿಯರಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಎಂದರೆ ಪರಮಪೀಠವಿದ್ದಂತೆ. ಆ ಪೀಠದ ಬಾಗಿಲು ಕಪ್ಪುವರ್ಣದ ಗಾಯಕಿಗೆ ಮೊದಲು ತೆರೆದದ್ದು ೧೯೫೫ರ ಜನವರಿಯಲ್ಲಿ, ನಾವು ಮೇಲೆ ಹೇಳಿದ ಮೇರಿಯನ್ ಆಂಡರ್ಸನ್‌ರವರಿಗೆ. ಆಗ ಅವರ ವಯಸ್ಸು ಐವತ್ತನ್ನು ಮೀರಿಹೋಗಿತ್ತು. ಪ್ರೈಸ್‌ರವರಿಗೆ ೧೯೫೮ರಲ್ಲಿಯೇ ಅಲ್ಲಿಂದ ಕರೆ ಬಂದಿತು: ಬಂದು ಐಡಾ ಪಾತ್ರವನ್ನು ಹಾಡಿಹೋಗಬೇಕೆಂದು. ಅವರು ಒಪ್ಪಲಿಲ್ಲ. ಹೆಚ್ಚು ಪಾತ್ರಗಳನ್ನು ಸಿದ್ಧಪಡಿಸಿಕೊಂಡು ಹೋಗಬೇಕೆಂದೂ, ಮೊದಲ ಪ್ರವೇಶವು ದಾಸಿಯ ವೇಷದಲ್ಲಿ ಆಗುವುದು ಬೇಡವೆಂದೂ ಹಿತೈಷಿಗಳು ಸಲಹೆಯಿತ್ತರು. ಮೂವತ್ತೊಂದು ವರ್ಷದ ಗಾಯಕಿ, ಅದರಲ್ಲಿಯೂ ಕಪ್ಪುವರ್ಣದವಳು, ಅಂಥ ಪೀಠದ ಕರೆಯನ್ನು "ಈಗ ಬೇಡ" ಎಂದು ಹಿಂದಿರುಗಿಸುವುದು ಸಾಮಾನ್ಯವಾದ ಧೈರ್ಯವೇ? ಬಂದ ಅವಕಾಶವನ್ನೆಲ್ಲ ಬಾಚಿಕೊಳ್ಳಬೇಕೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅವಕಾಶವನ್ನು ಕಾಯಿಸುವ ವಿದ್ಯೆಯನ್ನು ಹೇಳಿಕೊಡುವುದಿಲ್ಲ.

ಮೂರು ವರ್ಷಗಳ ಮೇಲೆ, ೧೯೬೧ರ ಜನವರಿ ೨೭ರಂದು, ಅವರು ವೆರ್ದಿಯವರ 'ಇಲ್ ತ್ರೊವತೋರೆ'ಯಲ್ಲಿ ಲಿಯೊನೋರಾ ಎಂಬ ಕುಲೀನ ಸ್ತ್ರೀಯ ಪಾತ್ರದಿಂದ ಮೆಟ್ರೊಪಾಲಿಟನ್ ರಂಗವನ್ನು ಪ್ರವೇಶಿಸಿದರು. ಕೊನೆಯಲ್ಲಿ ಸಭಿಕರ ಕರತಾಡನವು ಸುಮಾರು ೪೨ ನಿಮಿಷಗಳ ಕಾಲ ನಡೆಯಿತೆಂದು ಪ್ರಸಿದ್ಧವಾಗಿದೆ. ಆ ಒಂದು ಋತುವಿನಲ್ಲಿಯೇ ಐದು ಬೇರೆಬೇರೆ ಪಾತ್ರಗಳನ್ನು ಅಲ್ಲಿ ಹಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಋತುವಿನ ಪ್ರಾರಂಭದ ರಾತ್ರಿಯ ನಾಯಿಕೆಯಾದರು. ಕಪ್ಪುವರ್ಣದವರಲ್ಲಿ ಆ ಗೌರವವು ಅವರಿಗೇ ಮೊದಲು ಸಂದಿತು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಸುಂದರವಾಗಿರುತ್ತಿತ್ತು. ಆದರೆ ಮುಂದಿನದೇ ನಮಗೆ ಹೆಚ್ಚು ಬೇಕಾದದ್ದು. ಆ ಋತುವಿನ ಆರಂಭದಲ್ಲಿ ಹಾಡಿದ್ದು ಪುಚ್ಚೀನಿಯವರ ಒಂದು ಭಾರವಾದ ಪಾತ್ರ. ಅದರ ಎರಡನೆಯ ಪ್ರದರ್ಶನದಲ್ಲಿಯೇ, ದಣಿವಿನಿಂದಲೂ ಅಸ್ವಾಸ್ಥ್ಯದಿಂದಲೂ ಅವರ ಕಂಠವು ನಡುವೆ ನಿಂತುಹೋಯಿತು. ಎರಡನೆಯ ಅಂಕದ ಕೊನೆಯನ್ನು ಮಾತಿನಲ್ಲಿಯೇ ಆಡಿ ಮುಗಿಸಿದರು. ಮೂರನೆಯ ಅಂಕವನ್ನು ಡೊರೊಥಿ ಕರ್ಸ್ಟನ್ ಎಂಬ ಬೇರೊಬ್ಬ ಗಾಯಕಿ ಬಂದು ಹಾಡಬೇಕಾಯಿತು. ಒಂಬತ್ತು ತಿಂಗಳ ಹಿಂದೆ ೪೨ ನಿಮಿಷ ಚಪ್ಪಾಳೆ ಕೇಳಿದ್ದ ಅದೇ ರಂಗಮಂದಿರದಲ್ಲಿ! ಆಗ ಅವರು ಏನು ಮಾಡಿದರು? ಬಿಸಿನೀರು ಕುಡಿದು ಮರುದಿನ ಹಾಡಲಿಲ್ಲ. ರಂಗದಿಂದ ದೂರ ಹೋಗಿ ವಿಶ್ರಮಿಸಿದರು. ಆ ಪಾತ್ರವು ತಮ್ಮ ಕಂಠಕ್ಕೆ ತಕ್ಕದ್ದಲ್ಲವೆಂದು ಕಂಡುಕೊಂಡು ಮುಂದೆ ಅದನ್ನು ಬಿಟ್ಟೇಬಿಟ್ಟರು. ತನ್ನ ಮಿತಿಯನ್ನು ತಿಳಿದು ಹಿಂದೆ ಸರಿದದ್ದರಿಂದ ಅವರ ಕೀರ್ತಿ ಕುಗ್ಗಲಿಲ್ಲ. ೧೯೬೪ರಲ್ಲಿ ಅಮೆರಿಕಾದ ಅಧ್ಯಕ್ಷರು ನೀಡುವ ಸ್ವಾತಂತ್ರ್ಯಪದಕವು ಅವರಿಗೆ ದೊರೆಯಿತು. ೧೯೬೬ರ ಸೆಪ್ಟೆಂಬರ್ ೧೬ರಂದು ಮೆಟ್ರೊಪಾಲಿಟನ್‌ನವರ ಹೊಸ ಕಟ್ಟಡದ ಪ್ರಾರಂಭೋತ್ಸವದಲ್ಲಿ, ಬಾರ್ಬರ್‌ರವರು ಅದಕ್ಕಾಗಿಯೇ ರಚಿಸಿದ ಆಪೆರಾದಲ್ಲಿ ಕ್ಲಿಯೋಪಾತ್ರಳ ಪಾತ್ರವನ್ನು ವಹಿಸಿದವರೂ ಅವರೇ. ರಂಗಸಜ್ಜಿಕೆಯ ಅತಿಶಯದಿಂದ ಆ ನಾಟಕವು ವಿಮರ್ಶಕರ ಟೀಕೆಗೆ ಗುರಿಯಾಯಿತು. ಪ್ರೈಸ್‌ರವರ ಗಾಯನಕ್ಕೆ ಮಾತ್ರ ಪ್ರಶಂಸೆಯು ತಪ್ಪಲಿಲ್ಲ.

ಅದರ ಅನಂತರದ ವರ್ಷಗಳಲ್ಲಿ, ಕೇಳುವವರು ಎಷ್ಟು ಮಂದಿ ಇದ್ದರೂ, ಅವರು ಆಪೆರಾದ ಪ್ರದರ್ಶನಗಳನ್ನು ಕ್ರಮೇಣ ಕಡಿಮೆಮಾಡಿ, ಗೀತಕಚೇರಿಗಳನ್ನು ಹೆಚ್ಚಿಸಿಕೊಂಡರು. ೧೯೮೫ರ ಜನವರಿ ೩ರಂದು ಮೆಟ್ರೊಪಾಲಿಟನ್‌ನಲ್ಲಿ ಐಡಾ ಪಾತ್ರವನ್ನು ಕೊನೆಯಬಾರಿಗೆ ಹಾಡಿ ಆಪೆರಾ ರಂಗಕ್ಕೆ ವಂದನೆ ಹೇಳಿದರು. ಆಗ ಅವರಿಗೆ ಐವತ್ತೆಂಟು ತುಂಬುವುದಕ್ಕೆ ಒಂದು ತಿಂಗಳ ಮೇಲೆ ಕೆಲವು ದಿನಗಳು ಉಳಿದಿದ್ದುವು. ಸೊಪ್ರಾನೊ ಕಂಠಕ್ಕೆ ಅದು ಸಣ್ಣ ವಯಸ್ಸಲ್ಲ. ಟೆಲಿವಿಷನ್‌ನಲ್ಲಿ ಪ್ರಸಾರವಾದ ಆ ಪ್ರದರ್ಶನದ ದಾಖಲೆಯನ್ನು ನಾವು ಕೇಳಿದ್ದೇವೆ. ಮೂರನೆಯ ಅಂಕದಲ್ಲಿ ತಾಯ್ನಾಡನ್ನು ನೆನೆದು ಹಾಡುವ ಗೀತವು ಮುಗಿದಾಗ ಸಭಿಕರ ಚಪ್ಪಾಳೆ ನಿಲ್ಲದು. ಅವರು ಪಾತ್ರವನ್ನು ಬಿಡದೆ ಅಲುಗದೆ ನಿಂತಿರುತ್ತಾರೆ. ಅಸಲನ್ನು ಮುಟ್ಟದೆ ಬಾಳಿದವರ ಸಂಪತ್ತು ಅದು. ೧೯೯೦ರಲ್ಲಿ ಐಡಾಳ ಕಥೆಯನ್ನು ಮಕ್ಕಳಿಗಾಗಿ ಬರೆದು ಪ್ರಕಟಿಸಿದರು. ೨೦೦೧ರಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿ ಅಸಂಖ್ಯಾತ ಮನೆಗಳಲ್ಲಿ ದುಃಖ ತುಂಬಿದ್ದಾಗ, ಕಾರ್ನೆಗೀ ಹಾಲ್‌ನಲ್ಲಿ ನಡೆದ ಸ್ಮರಣೆಯ ಕಚೇರಿಯಲ್ಲಿ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತಿರುಗಿ ಬಂದು ಹಾಡಿದರು. ಉಳಿಸಿಟ್ಟದ್ದು ಯಾವ ದಿನಕ್ಕೆ ಬೇಕಾಗುವುದೆಂದು ಯಾರು ಬಲ್ಲರು?

"ನಮ್ಮ ಮಕ್ಕಳೆಲ್ಲ ಲಿಯೊಂಟಿನ್ ಪ್ರೈಸ್ ಆಗುವರೇ?" ಎಂದು ಕೆಲವರು ನಗಬಹುದು. ಆಗಲಾರರು, ಆಗಬೇಕಾದ್ದೂ ಇಲ್ಲ. ಕಂಠವೊಂದೇ ವರವಲ್ಲ. ಒಬ್ಬಳಿಗೆ ಲೆಕ್ಕದಲ್ಲಿ, ಒಬ್ಬಳಿಗೆ ಚಿತ್ರದಲ್ಲಿ, ಒಬ್ಬಳಿಗೆ ಓಟದಲ್ಲಿ, ಒಬ್ಬಳಿಗೆ ರೋಗಿಯ ಹಾಸಿಗೆಯ ಬಳಿ ತಾಳ್ಮೆಯಿಂದ ಕುಳಿತಿರುವುದರಲ್ಲಿ ಅಸಲು ಇರುತ್ತದೆ. ಗಣಿತದಲ್ಲಿ ಚುರುಕಾದ ಹುಡುಗಿಯನ್ನು ಬೆಳಗಿನ ಐದು ಗಂಟೆಯಿಂದ ರಾತ್ರಿ ಹತ್ತರವರೆಗೆ ಒಂದು ಪಾಠದಿಂದ ಇನ್ನೊಂದು ಪಾಠಕ್ಕೆ ಅಟ್ಟಿ, ಹದಿನೆಂಟನೆಯ ವಯಸ್ಸಿಗೆ ಪುಸ್ತಕವನ್ನು ಕಂಡರೆ ಬೇಸರಪಡುವಂತೆ ಮಾಡಿದರೆ, ನಾವು ಆ ಗಂಟಲುಕಟ್ಟಿದ ಹುಡುಗಿಗೆ ಮಾಡಿದ್ದನ್ನೇ ನೀವೂ ಮಾಡಿದಂತಾಗಲಿಲ್ಲವೇ? ಇನ್ನೂ ಒಂದು ಮಾತು. ಲಾರೆಲ್ಲಿನ ಆ ಹುಡುಗಿ ಮೇಲಕ್ಕೆ ಬಂದಳೆಂದು ಹೇಳುವಾಗ, ಅವಳಷ್ಟೇ ವರವಿದ್ದು ಪಿಯಾನೊ ಇಲ್ಲದೆಯೂ, ಕೈಹಿಡಿಯುವವರಿಲ್ಲದೆಯೂ, ಬಣ್ಣದ ಬಾಗಿಲು ತೆರೆಯದೆಯೂ ಅಲ್ಲಿಯೇ ಉಳಿದುಹೋದವರು ಎಷ್ಟು ಮಂದಿಯೋ ಎಂಬುದನ್ನು ಮರೆಯಬಾರದು. ಒಬ್ಬಳ ಜಯವು ಮುಚ್ಚಿದ ಬಾಗಿಲುಗಳಿಗೆ ಕ್ಷಮಾಪತ್ರವಾಗಲಾರದು. ನಮ್ಮ ದೇಶದಲ್ಲಿ ಬಣ್ಣದ ಬದಲು ಜಾತಿಯೂ ಬಡತನವೂ ಹೆಣ್ಣೆಂಬ ಕಾರಣವೂ ಅಗಳಿಗಳಾಗಿ ನಿಂತಿರುವುದನ್ನು ನಾವು ದಿನವೂ ನೋಡುತ್ತಿದ್ದೇವೆ.

ಆದಕಾರಣ ಮಾತಾಪಿತೃಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ಹತ್ತನೆಯ ತರಗತಿಯೆಂದು ಮಗಳ ಹಾಡಿನ ಪಾಠವನ್ನು ಕಿತ್ತುಹಾಕಬೇಡಿರಿ, ವಾರಕ್ಕೆ ಎರಡು ಗಂಟೆಗಳಿಂದ ಪರೀಕ್ಷೆಯು ಕೆಡುವುದಿಲ್ಲ. ಹಾಗೆಯೇ, ನೆಂಟರು ಬಂದಾಗಲೆಲ್ಲ ಅವಳನ್ನು ನಿಲ್ಲಿಸಿ ಹಾಡಿಸಬೇಡಿರಿ. ಅವಳ ಅಭ್ಯಾಸದ ಅರ್ಧಗಂಟೆಗೆ ಮನೆಯಲ್ಲಿ ಸ್ಥಳ ಮಾಡಿಕೊಡಿರಿ. ಅದಕ್ಕಾಗಿ ಮನೆಯವರ ಟೆಲಿವಿಷನ್ ಅರ್ಧಗಂಟೆ ಸುಮ್ಮನಿರಬೇಕಾದರೆ ಇರಲಿ. ಅವಳು "ಇಂದು ಬೇಡ" ಎಂದರೆ ಅದನ್ನು ಹಟವೆಂದು ತಿಳಿಯಬೇಡಿರಿ. ನಮ್ಮ ಪಾಠಶಾಲೆಯ ಮಟ್ಟಿಗೆ ನಾವು ಮಾಡಿರುವ ನಿಯಮವನ್ನೂ ತಿಳಿಸುತ್ತೇವೆ. ಗಂಟಲು ನೋಯುತ್ತಿರುವ ಯಾವ ಹುಡುಗಿಯನ್ನೂ ಯಾವ ಅತಿಥಿಗಾಗಿಯೂ ಹಾಡಿಸಕೂಡದು. ಒಂದು ವರ್ಷದಲ್ಲಿ ಒಬ್ಬಳನ್ನೇ ಮೂರಕ್ಕಿಂತ ಹೆಚ್ಚು ಸಮಾರಂಭಗಳಲ್ಲಿ ಒಂಟಿಯಾಗಿ ಹಾಡಿಸಕೂಡದು. ಇದರಿಂದ ನಮ್ಮ ಬಹುಮಾನದ ದಿನಗಳ ಸೊಗಸು ಸ್ವಲ್ಪ ಕಡಿಮೆಯಾಗಿದ್ದರೆ ಅದನ್ನು ದಯವಿಟ್ಟು ಮನ್ನಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಮದುವೆಯಾದ ಮೇಲೆ ಹಾಡುವುದನ್ನು ಬಿಟ್ಟಿರೆಂದು ಬಲ್ಲೆವು. ಹೂಣಿಟ್ಟದ್ದನ್ನು ಅಗೆದು ತೆಗೆಯುವುದಕ್ಕೆ ಹೊತ್ತು ಮೀರಿಲ್ಲ. ಅಲ್ಲದೆ, ಕೈಯಲ್ಲಿ ಸ್ವಲ್ಪ ಅನುಕೂಲವಿದ್ದವರು ನಿಮ್ಮ ಸುತ್ತಲೂ ನೋಡಿರಿ. ನಿಮ್ಮ ಮನೆಗೆಲಸಕ್ಕೆ ಬರುವವಳ ಮಗಳಿಗೆ ಏನು ವರವಿದೆಯೆಂದು ಒಮ್ಮೆ ಕೇಳಿ ನೋಡಿರಿ.

ನಾವು ಮೇಲೆ ಹೇಳಿದ ಆ ಹುಡುಗಿ ಕಳೆದ ವರ್ಷ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮಲ್ಲಿಗೆ ಬಂದಿದ್ದಳು. ಧ್ವನಿ ಇಂದಿಗೂ ಸ್ವಲ್ಪ ಒರಟು. ಹಳೆಯ ಮಾತನ್ನು ಅವಳು ಎತ್ತಲಿಲ್ಲ. ನಾವೇ ಎತ್ತಿ ಕ್ಷಮೆಯನ್ನು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳು ಚೆನ್ನಾಗಿ ಹಾಡುತ್ತಾಳೆ, ಅಮ್ಮಾ. ಕಲಿಸಿರಿ. ಎರಡು ವರ್ಷ ಯಾರ ಮುಂದೆಯೂ ಹಾಡಿಸಬೇಡಿರಿ" ಎಂದಳು. ನಾವು ಮಾತು ಕೊಟ್ಟೆವು. ಆ ಎರಡು ವರ್ಷಗಳಲ್ಲಿ ಒಂದು ಕಳೆದಿದೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಬಂದವರು ಆ ಮಗುವಿನ ಹಾಡನ್ನು ಕೇಳಲಾರಿರಿ. ಗಾಯನವೃಂದದ ಎರಡನೆಯ ಸಾಲಿನಲ್ಲಿ ಉಳಿದವರೊಡನೆ ಅವಳೂ ನಿಂತಿರುವಳು. ಕೇಳಿಸದಿರುವುದಕ್ಕಾಗಿ ನಮ್ಮನ್ನು ದೂರಬೇಡಿರೆಂದು ಬೇಡಿಕೊಳ್ಳುತ್ತೇವೆ.